ಮೀಟರಿಲ್ಲದ ಊರಿನಿಂದ ಬಂದವರು

ಆ ಬೆಳಿಗ್ಗೆ ಎಂದಿನಂತೆ ಎದ್ದು, ಗೇಟಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು, ಬಾಗಿಲಿಗೆ ನೀರು ಹಾಕಿ ಪುಟ್ಟದೊಂದು ರಂಗೋಲಿ ಬಿಟ್ಟೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಸಂಪಿನ ಮುಚ್ಚಳ ಸರಿಸಿ, ಒಳಗೆ ನೀರು ಬೀಳುವ ಸದ್ದಿಗಾಗಿ ಕಿವಿಗೊಟ್ಟು ನಿಂತಿದ್ದೆ. ನೀರಿನ ಸದ್ದಿಗೆ ಮೊದಲು ತಾರಸಿಯ ಮೇಲಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೆ. ಮೇಲಿನವರು ಸ್ಪ್ಯಾನರು ಹಿಡಿದು ತಮ್ಮ ಸೋಲಾರ್ ಪ್ಯಾನೆಲ್ಲಿನ ನಟ್ಟುಗಳನ್ನು ಬಿಚ್ಚುತ್ತಿದ್ದರು. ಮಧ್ಯಾಹ್ನದ ರೈಲಿಗೆ ಅವರು ಹೊರಡುವವರಿದ್ದರು.

ಅತ್ತೆ ಹಜಾರದಿಂದಲೇ ಕೇಳಿದರು, “ತಿಂಡಿಗೆ ಏನು ಮಾಡ್ತೀಯ ಅವರಿಗೆ?” ಉಪ್ಪಿಟ್ಟು ಅಂದೆ. “ರೈಲಿಗೆ ಹೋಗೋರಿಗೆ ಉಪ್ಪಿಟ್ಟೇನೆ? ಚಪಾತಿ ಲಟ್ಟಿಸು, ಎರಡು ದಿನ ಇರುತ್ತೆ” ಅಂದರು. ಹಿಟ್ಟು ಕಲಸುತ್ತ ಕೂತೆ. ಮೇಲಿನ ಸದ್ದು ನಿಂತಿತು.

ಇದಾಗಿ ಬಹಳ ವರ್ಷಗಳಾದವು. ಆ ಮೇಲಿನ ಕೋಣೆಯವರು ತೀರಿಕೊಂಡ ಸುದ್ದಿ ಈಚೆಗೆ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಸ್ಪ್ಯಾನರಿನ ಸದ್ದು.

ಬಸವನಗುಡಿಯ ನಮ್ಮ ಮನೆಯ ತಾರಸಿಯ ಒಂಟಿ ಕೋಣೆಗೆ ಅವರು ಬಾಡಿಗೆಗೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಒಂದು ತಗಡಿನ ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ, ಆ ಪ್ಯಾನೆಲ್ಲು. ಐವತ್ತು ದಾಟಿದ್ದ ಮನುಷ್ಯ. ಹುಟ್ಟಿದ್ದು ಇಲ್ಲೇ ಚಾಮರಾಜಪೇಟೆಯಲ್ಲಿ. ಆದರೆ ವಯಸ್ಸೆಲ್ಲ ಕಳೆದದ್ದು ನಾಗಪುರದಿಂದಲೂ ಆಚೆ ಒಂದು ಕಲ್ಲಿದ್ದಲ ಗಣಿಯ ಊರಿನಲ್ಲಿ, ಎಂಜಿನಿಯರಾಗಿ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಬಂದಿದ್ದರು. ಮಲ್ಲೇಶ್ವರದ ಒಂದು ಹಳೇ ಮನೆಯ ಮಹಡಿಯಲ್ಲಿದ್ದ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ. ಬಿಸಿಲಿನಿಂದ, ಗಾಳಿಯಿಂದ ವಿದ್ಯುತ್ ಮಾಡುವುದು ಹೇಗೆ, ಕಲ್ಲಿದ್ದಲನ್ನೇ ನಂಬಿದ ಊರುಗಳನ್ನು ಅದರಿಂದ ಬಿಡಿಸುವುದು ಹೇಗೆ ಎಂದು ಸರ್ಕಾರಗಳಿಗೆ ಬರೆದುಕೊಡುವ ಕೆಲಸ ಅದು. ನಮ್ಮ ಬೀದಿಯವರಿಗೆ ಇದು ಯಾವುದೂ ಸರಿಯಾಗಿ ತಿಳಿಯಲಿಲ್ಲ. ತಾರಸಿಯ ಮೇಲಿನ ಪ್ಯಾನೆಲ್ಲು ನೋಡಿ, ಅವರು ಸೋಲಾರ್ ಹೀಟರು ಮಾರುವವರು ಎಂದು ತೀರ್ಮಾನ ಮಾಡಿದ್ದರು.

“ಮನೆಯವರು?” ಎಂದು ಅತ್ತೆ ಮೊದಲ ದಿನವೇ ಕೇಳಿದರು.

“ಅಲ್ಲೇ ಇದ್ದಾರಮ್ಮ. ಕಾಲನಿ ಸ್ಕೂಲಿನಲ್ಲಿ ಟೀಚರು” ಅಂದರು. ಬೇಸಿಗೆ ರಜಕ್ಕೆ ಬರುತ್ತಾರೆ ಎಂದುಕೊಂಡೆವು. ಆ ಬೇಸಿಗೆಯೂ ಬರಲಿಲ್ಲ, ಮುಂದಿನ ಬೇಸಿಗೆಯೂ ಬರಲಿಲ್ಲ.

ಅವರ ಕೋಣೆಯ ಬಲ್ಬು ನಮ್ಮ ಮೀಟರಿನ ಮೇಲೆ ಹಗಲೂ ಇರುಳೂ ಉರಿಯುತ್ತಿತ್ತು. ನನಗೆ ಹೇಳಲು ಸಂಕೋಚ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸಂಕೋಚ ಅದು, ಮದುವೆಯಾಗಿ ಇಷ್ಟು ವರ್ಷವಾದರೂ ಹೋಗಿಲ್ಲ. ಅತ್ತೆಗೆ ಆ ಕಷ್ಟವಿಲ್ಲ. ಹಪ್ಪಳ ಒಣಹಾಕಲು ತಾರಸಿಗೆ ಹೋದವರು ಬಾಗಿಲಲ್ಲೇ ನಿಂತು, “ಏನಪ್ಪಾ, ಸೂರ್ಯನಿಗೆ ದಾರಿ ತೋರಿಸ್ತಿದೀರಾ?” ಅಂದರು.

ಅವರು ಗಡಬಡಿಸಿ ಎದ್ದು ಸ್ವಿಚ್ಚು ಹುಡುಕಿದರಂತೆ. ಬಾಗಿಲ ಪಕ್ಕದಲ್ಲೇ ಇದ್ದ ಸ್ವಿಚ್ಚು ಅವರ ಕಣ್ಣಿಗೆ ಬೀಳಲಿಲ್ಲವಂತೆ. ಸಂಜೆ ಕೆಳಗೆ ಬಂದು ಕ್ಷಮೆ ಕೇಳಿದರು. ಅವರ ಕಾಲನಿಯಲ್ಲಿ ಯಾರ ಮನೆಗೂ ಮೀಟರೇ ಇರಲಿಲ್ಲವಂತೆ. ಗಣಿಯಿಂದಲೇ ತಂತಿ ಎಳೆದಿದ್ದರು, ಎಲ್ಲ ಪುಕ್ಕಟೆ. ಹೀಟರಿನ ಕಾಯಿಲ್ಲು ಬೆಳಗಿನಿಂದ ರಾತ್ರಿಯವರೆಗೆ ಕೆಂಪಗೆ ಉರಿಯುತ್ತಲೇ ಇರುತ್ತಿತ್ತು. ಚಳಿಗಾಲದಲ್ಲಿ ಜನ ಅದರ ಸುತ್ತ ಕೂತು ಹರಟೆ ಹೊಡೆಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಸ್ವಿಚ್ಚೇ ಇಲ್ಲ, ಬಲ್ಬು ನೇರವಾಗಿ ತಂತಿಗೆ. ಆರಿಸಬೇಕೆನಿಸಿದರೆ ಬಟ್ಟೆ ಸುತ್ತಿ ಹಿಡಿದು ಬಲ್ಬನ್ನೇ ತಿರುಗಿಸಿ ತೆಗೆಯಬೇಕು. ಆದರೆ ಯಾರಿಗೂ ಹಾಗೆ ಅನಿಸುತ್ತಿರಲಿಲ್ಲ.

ಆ ಊರು ಅವರ ಕೈಬೆರಳುಗಳಲ್ಲಿ ಉಳಿದುಕೊಂಡಿತ್ತು. ಊಟಕ್ಕೆ ಕರೆದರೆ, ತೊಳೆದು ಒರೆಸಿ ಇಟ್ಟ ತಟ್ಟೆಯ ಮೇಲೂ ಒಮ್ಮೆ ಬೆರಳಾಡಿಸಿ, ಬೆರಳ ತುದಿ ನೋಡಿಕೊಳ್ಳುತ್ತಿದ್ದರು. ನೋಡಿದ ಮೇಲೆ ನಾಚಿಕೊಳ್ಳುತ್ತಿದ್ದರು. ಕಾಫಿ ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿದು, ಗುಟುಕಿಗೊಮ್ಮೆ ಕೈ ಸರಿಸಿ ಕುಡಿಯುತ್ತಿದ್ದರು. ಅಲ್ಲಿ ಮುಚ್ಚದೆ ಇಟ್ಟ ಹಾಲಿನ ಮೇಲೆ ಕೆನೆಗಿಂತ ಮೊದಲು ಕರಿ ಧೂಳು ಕಟ್ಟುತ್ತದಂತೆ.

ಬೆಂಗಳೂರಿಗೆ ಬಂದು ಮೊದಲ ಸಂಬಳದಲ್ಲಿ ಗಾಂಧಿಬಜಾರಿನಿಂದ ಬಿಳಿ ಅಂಗಿಗಳನ್ನು ತಂದರು. ಭಾನುವಾರ ತಾವೇ ಒಗೆದು ತಾರಸಿಯ ಹಗ್ಗಕ್ಕೆ ಹಾಕಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂರುವರು. ಅಂಗಿ ಕಾವಲು ಕಾಯುತ್ತಿದ್ದಾರೆ ಎಂದು ನಮ್ಮನೆಯವರು ತಮಾಷೆ ಮಾಡುತ್ತಿದ್ದರು. ಬಟ್ಟೆ ತೆಗೆಯಲು ಹೋದಾಗ ನಾನೇ ಒಮ್ಮೆ ಕೇಳಿದೆ. “ಬೆಳಿಗ್ಗೆ ಹಾಕಿದ್ದು ಸಂಜೇವರೆಗೂ ಬೆಳ್ಳಗೇ ಇರುತ್ತಲ್ಲಮ್ಮ, ಅದನ್ನ ನೋಡ್ತಾ ಇದೀನಿ” ಅಂದರು.

ಹೆಂಡತಿಗೂ ಒಂದು ತಿಳಿಬಣ್ಣದ ಸೀರೆ ಆರಿಸಿಕೊಡಿ ಎಂದು ನನ್ನನ್ನು ಕೇಳಿದ್ದರು. ಡಿವಿಜಿ ರಸ್ತೆಯಲ್ಲಿ ಕೆನೆಬಣ್ಣದ, ಕಡ್ಡಿಯಂಥ ಹಸಿರು ಅಂಚಿನ ಹತ್ತಿ ಸೀರೆ ಸಿಕ್ಕಿತು. ಫೋನಿನಲ್ಲಿ ಆಕೆಗೆ ಬಣ್ಣ ವರ್ಣಿಸಿದರು. ಕಳಿಸಬೇಡಿ, ಇಲ್ಲಿ ಉಟ್ಟರೆ ಒಂದೇ ದಿನ, ಅಲ್ಲೇ ಇರಲಿ ಎಂದರಂತೆ. ‘ಅಲ್ಲೇ ಇರಲಿ’ ಎಂದದ್ದನ್ನು ಅವರು ಆ ವಾರವೆಲ್ಲ ಸಂತೋಷದಿಂದ ಹೇಳಿಕೊಂಡು ಓಡಾಡಿದರು. ಇರಲಿ ಎಂದರೆ ಒಂದು ದಿನ ಬಂದು ಉಡುತ್ತೇನೆ ಎಂದೇ ಅಲ್ಲವೇ ಎನ್ನುವ ಲೆಕ್ಕ.

ಆಕೆ ಯಾಕೆ ಬರುವುದಿಲ್ಲ ಎನ್ನುವುದು ನಮಗೆ ತಿಳಿದದ್ದು ಅವರೆಕಾಯಿ ಕಾಲದಲ್ಲಿ. ಅತ್ತೆ ಹಜಾರದಲ್ಲಿ ಪೇಪರು ಹರಡಿಕೊಂಡು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಜೊತೆಗಿದ್ದೆ. ಬಾಡಿಗೆ ಕೊಡಲು ಬಂದವರು ತಾವೂ ಚಕ್ಕಳಮಕ್ಕಳ ಹಾಕಿ ಕೂತರು. ಅವರು ಹಿಸುಕಿದ ಬೇಳೆ ಚಿಮ್ಮಿ ಸೋಫಾದ ಕೆಳಗೆ ಹೋಗುತ್ತಿತ್ತು. ಅತ್ತೆ, “ನಿಮ್ಮ ಗಣೀಲೂ ಹೀಗೇ ತೆಗೀತಿದ್ರಾ?” ಎಂದು ಕಾಲೆಳೆದರು. ಅವರು ನಕ್ಕು, ತಾವಾಗಿಯೇ ಹೇಳತೊಡಗಿದರು.

ಗಣಿ ಹಳೆಯದಾಗಿತ್ತು. ನೆಲದೊಳಗೆ ಎಲ್ಲೋ ಬೆಂಕಿ ಹತ್ತಿ ಆರದೆ ಉಳಿದಿತ್ತು, ಬಿರುಕುಗಳಿಂದ ಹೊಗೆ ಬರುತ್ತಿತ್ತು. ಮಕ್ಕಳು ಕೆಮ್ಮುತ್ತಲೇ ಪಾಠ ಒಪ್ಪಿಸುತ್ತಿದ್ದರು. ಇಂಥ ಗಣಿಗಳನ್ನು ಏನು ಮಾಡಬೇಕೆಂದು ಸಮಿತಿಯೊಂದು ಮಾಡಿದಾಗ ಇವರನ್ನೂ ಅದಕ್ಕೆ ಹಾಕಿದರು. ಇವರು ಮುಚ್ಚಬೇಕು ಎಂದೇ ಬರೆದರು. ಸುಮ್ಮನೆ ಬರೆಯಲಿಲ್ಲ, ಎಷ್ಟು ಜನಕ್ಕೆ ಏನು ಕೆಲಸ ಕಲಿಸಬೇಕು, ಬರಡು ಬಿದ್ದ ನೆಲದ ಮೇಲೆ ಬಿಸಿಲಿನ ಪ್ಯಾನೆಲ್ಲು ಹಾಕಬಹುದು, ವಯಸ್ಸಾದವರಿಗೆ ಪಿಂಚಣಿ ಹೇಗೆ, ಎಲ್ಲವನ್ನೂ ಬರೆದರು. ಎಲ್ಲರೂ ಮೆಚ್ಚಿದ ವರದಿ ಅದು.

“ಅಚ್ಚಾಗಿ ಬಂದ ದಿನ ಮನೆಯವಳ ಕೈಲಿ ಕೊಟ್ಟೆ ಅಮ್ಮ. ಪೂರ್ತಿ ಓದಿದಳು. ಓದಿ ಒಂದೇ ಮಾತು ಕೇಳಿದಳು. ‘ನಮ್ಮ ಸ್ಕೂಲಿಗೆ ಕರೆಂಟು ಎಲ್ಲಿಂದ ಬರುತ್ತೆ?’ ಅಂತ.”

“ಎಲ್ಲಿಂದ ಬರುತ್ತೆ?” ಅಂದರು ಅತ್ತೆ.

“ಗಣಿಯಿಂದಲೇ. ಲೈಟಿಗೂ ಅದೇ ತಂತಿ, ನೀರಿನ ಪಂಪಿಗೂ ಅದೇ ತಂತಿ. ಗಣಿ ಮುಚ್ಚಿದ ಮೇಲೆ ತಂತಿ ಕೀಳ್ತಾರೆ. ಅದೊಂದನ್ನ ನಾನು ಬರೆದೇ ಇರಲಿಲ್ಲ.”

“ಅಷ್ಟು ವರ್ಷ ಅಲ್ಲೇ ಇದ್ದವರು ನೀವು.”

“ಅಲ್ಲೇ ಇದ್ದದ್ದಕ್ಕೇ ಅಮ್ಮ. ತಿಂಗಳಿಗೊಂದು ಬಿಲ್ಲು ಬಂದಿದ್ರೆ ನೆನಪಿರ್ತಿತ್ತು.”

ಅತ್ತೆ ಬೇಳೆಯ ಪಾತ್ರೆಯನ್ನು ಅವರ ಹತ್ತಿರಕ್ಕೆ ಸರಿಸಿದರು ಅಷ್ಟೇ.

ಆಮೇಲೆ ನಡೆದದ್ದನ್ನು ಅವರು ಬಿಡಿಬಿಡಿಯಾಗಿ ಬೇರೆ ಬೇರೆ ದಿನ ಹೇಳಿದರು. ವರದಿಯಲ್ಲಿ ಮುಚ್ಚುವ ಮಾತನ್ನು ಮಾತ್ರ ಸರ್ಕಾರದವರು ಬೇಗ ತೆಗೆದುಕೊಂಡು ಗಣಿ ನಿಲ್ಲಿಸಿದರು, ತಂತಿ ಕೀಳುವುದಷ್ಟೇ ಬಾಕಿ. ಮಿಕ್ಕ ಅಧ್ಯಾಯಗಳು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಹೋದವು. ಊರಿನಲ್ಲಿ ಇವರೊಂದಿಗೆ ಯಾರೂ ಜಗಳವಾಡಲಿಲ್ಲ. ಚಹಾದ ಅಂಗಡಿಯಲ್ಲಿ ಇವರು ಹೋಗಿ ಕೂತರೆ ಬೆಂಚು ಖಾಲಿಯಾಗುತ್ತಿತ್ತು. ಕ್ಷೌರದವನು ಕತ್ತರಿ ಸಾಣೆಗೆ ಕೊಟ್ಟಿದ್ದೇನೆ ಎನ್ನುತ್ತಿದ್ದ, ಪ್ರತಿ ಸಲವೂ. ಬೈದಿದ್ದರೆ ಚೆನ್ನಾಗಿತ್ತು ಎಂದರು ಅವರು. ಹಾಗೆಂದು ಬರೆದದ್ದು ತಪ್ಪೆಂದು ಅವರು ಒಮ್ಮೆಯೂ ಹೇಳಲಿಲ್ಲ. ಗಣಿ ಮುಚ್ಚಬೇಕಿತ್ತು, ಅದು ಸರಿ. ಮುಚ್ಚುವ ಕ್ರಮ ತಪ್ಪಾಯಿತು, ಅಷ್ಟೇ ಎನ್ನುತ್ತಿದ್ದರು.

ಹೆಂಡತಿ ಒಂದು ಮಾತು ಹೇಳಿದ್ದರು: ಸ್ಕೂಲಿಗೆ ಅದರದೇ ಕರೆಂಟು ಆಗುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ. ಅದಕ್ಕಾಗಿಯೇ ಇವರು ಬೆಂಗಳೂರಿಗೆ ಬಂದದ್ದು. ಇಲ್ಲಿಯ ಸಂಸ್ಥೆಯ ಮಾತನ್ನು ದೆಹಲಿಯಲ್ಲಿ ಕೇಳುತ್ತಾರೆ, ಇಲ್ಲಿ ಕೂತು ಬರೆದರೆ ಆ ಸ್ಕೂಲಿನ ಮಾಡಿನ ಮೇಲೆ ಪ್ಯಾನೆಲ್ಲು, ಪಂಪು ಬೇಗ ಬರುತ್ತವೆ ಎನ್ನುವ ನಂಬಿಕೆ. ಅಲ್ಲಿ ತಂತಿ ಕೀಳುವುದರೊಳಗೆ ಇಲ್ಲಿಂದ ಮಂಜೂರಾತಿ ಹೋಗಬೇಕು. ಅವರ ದಿನಗಳೆಲ್ಲ ಈ ಒಂದು ಪೈಪೋಟಿಯಲ್ಲಿ ಹೋಗುತ್ತಿದ್ದವು. ಟೈ ಕಟ್ಟಿಕೊಂಡು ಕೆ.ಜಿ. ರಸ್ತೆಯ ಕಚೇರಿಗಳಿಗೋ ದೆಹಲಿಯಿಂದ ಬಂದವರ ಹೋಟೆಲಿಗೋ ಹೋಗುವರು. ಸಂಜೆ ಟೈ ಸಡಿಲಿಸದೆಯೇ ಮೆಟ್ಟಿಲಲ್ಲಿ ಕೂತಿರುವರು. ಆಗ ನಾನು ಕಾಫಿ ಕೊಟ್ಟು ಸುಮ್ಮನೆ ಒಳಗೆ ಬರುತ್ತಿದ್ದೆ.

ಒಂದು ಸಂಜೆ ಮಾತ್ರ ಕೂತು ಮಾತಾಡಿದೆವು. ಅಡುಗೆಮನೆ ಕಟ್ಟೆಯ ಕೆಳಗಿದ್ದ ಸೀಮೆಎಣ್ಣೆ ಸ್ಟೋವು ನೋಡಿ, ಗ್ಯಾಸು ಬಂದ ಮೇಲೂ ಇದು ಯಾಕೆ ಎಂದರು. ಗ್ಯಾಸು ಬಂದ ಮೊದಲ ವರ್ಷ ಅತ್ತೆ ಅದನ್ನು ನಂಬದೆ ಎರಡರಲ್ಲೂ ಅಡುಗೆ ಮಾಡುತ್ತಿದ್ದರು, ಸಾರು ಇದರಲ್ಲಿ, ಅನ್ನ ಅದರಲ್ಲಿ ಎಂದೆ. ಅವರು ಲೋಟ ಕೆಳಗಿಟ್ಟರು.

“ನೋಡಿ, ಪಾಲಿಸಿ ಅಂದ್ರೆ ಇಷ್ಟೇ. ಎರಡೂ ಒಲೆ ಉರಿಯೋ ಒಂದು ವರ್ಷ ಬೇಕು. ಹಳೇದನ್ನ ಆರಿಸೋಕೆ ದುಡ್ಡು ಕೊಡ್ತಾರೆ, ಹೊಸದನ್ನ ಹಚ್ಚೋಕೂ ಕೊಡ್ತಾರೆ. ಮಧ್ಯದ ಆ ವರ್ಷಕ್ಕೆ ಯಾರೂ ಕೊಡಲ್ಲ.”

ಮುಂದಿನ ಸಭೆಯಲ್ಲಿ ಈ ಮಾತನ್ನು ಹಾಗೇ ಹೇಳಿದರಂತೆ. ಎಲ್ಲರೂ ನಕ್ಕು ತಲೆಯಾಡಿಸಿದರಂತೆ. ಊಟಕ್ಕೆ ಎದ್ದರಂತೆ.

ಭಾನುವಾರ ಸಂಜೆ ಆಕೆಯ ಫೋನು ನಮ್ಮ ಹಜಾರಕ್ಕೆ ಬರುತ್ತಿತ್ತು. ಇವರು ಇನ್ನೂ ಮೆಟ್ಟಿಲಿಳಿಯುತ್ತಿರುವಾಗ ನಾನೇ ಎತ್ತಿ ಒಂದೆರಡು ಮಾತಾಡುತ್ತಿದ್ದೆ. ಆಕೆಯೂ ಚಾಮರಾಜಪೇಟೆಯವರು. ಅಪ್ಪಟ ನಮ್ಮ ಕಡೆಯ ಮಾತು, ನಡುನಡುವೆ ಒಂದು ಹಿಂದಿ ಶಬ್ದ. ಗಾಂಧಿಬಜಾರಿನಲ್ಲಿ ಈಗ ಮಲ್ಲಿಗೆ ಮೊಳಕ್ಕೆ ಹೇಗೆ ಎಂದು ಕೇಳುವರು. ನಾನು ಧೈರ್ಯ ಮಾಡಿ ಒಮ್ಮೆ, ನೀವೂ ಬಂದುಬಿಡಿ, ಸಾರ್ ಒಬ್ಬರೇ ಇರ್ತಾರೆ ಎಂದೆ.  

“ನನಗೂ ಬರೋಕೆ ಆಸೆ ಕಣಮ್ಮ. ಆದರೆ ಇಲ್ಲಿ ನೀರು ನಿಂತರೆ ಮೊದಲು ಸ್ಕೂಲು ಬಿಡೋದು ಹುಡುಗೀರು. ಕೊಡ ಹಿಡ್ಕೊಂಡು ಹೋಗ್ತಾರೆ, ಮತ್ತೆ ಬರಲ್ಲ. ಅವತ್ತು ನಾನು ನಿಮ್ಮೂರಲ್ಲಿ ಫ್ಯಾನಿನ ಕೆಳಗೆ ಕೂತಿದ್ದರೆ ಹೇಗೆ ಹೇಳು?”

ಅಷ್ಟರಲ್ಲಿ ಇವರು ಬಂದರು. ನಾನು ರಿಸೀವರು ಕೊಟ್ಟು ಅಡುಗೆಮನೆಗೆ ಹೋದೆ. ಅವರಿಬ್ಬರ ಮಾತಿನಲ್ಲಿ ಅಂಥದ್ದೇನೂ ಇರುತ್ತಿರಲಿಲ್ಲ. ಕೆಮ್ಮು ಹೇಗಿದೆ, ಗೋಧಿ ಬೀಸಿಸಿದೆಯಾ. ಇಟ್ಟ ಮೇಲೂ ಅವರು ಸ್ವಲ್ಪ ಹೊತ್ತು ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದರು.

ಒಂದು ದಿನ ದೆಹಲಿಯಿಂದ ಉತ್ತರ ಬಂತು. ಪ್ಯಾನೆಲ್ಲಿನ ಯೋಜನೆ ವಿದ್ಯುತ್ತು ಇಲ್ಲದ ಊರುಗಳಿಗೆ ಮಾತ್ರ. ಆ ಕಾಲನಿ ದಾಖಲೆಯ ಪ್ರಕಾರ ಮೊದಲಿನಿಂದಲೂ ವಿದ್ಯುತ್ತು ಇರುವ ಊರು, ಮನೆಮನೆಗೂ ಇರುವ ಊರು. ಇವರು ವಿದ್ಯುತ್ ಮಂಡಳಿಗೆ ಬರೆದರು. ಮೀಟರಿಲ್ಲದ ಮನೆಗಳು ನಮ್ಮ ಗಿರಾಕಿಗಳಲ್ಲ ಎಂದರು ಅವರು. ಗಣಿಯವರಿಗೆ ಬರೆದರು, ಗಣಿಯೇ ಇಲ್ಲದ ಮೇಲೆ ಸ್ಕೂಲು ನಮ್ಮದು ಹೇಗಾಗುತ್ತದೆ ಎಂದರು ಅವರು. ನಮ್ಮನೆಯವರಿಗೆ ರೇಗಿಹೋಯಿತು, ಇದೆಂಥ ನಿಯಮ ಎಂದು ಕೂಗಾಡಿದರು. ಇವರೇ ಸಮಾಧಾನ ಮಾಡಿದರು. ದೀಪವನ್ನೇ ಕಾಣದ ಊರುಗಳು ಇನ್ನೂ ಎಷ್ಟೋ ಇವೆ, ಅವಕ್ಕೆ ಮೊದಲು ಹೋಗಬೇಕಾದದ್ದೇ, ನಿಯಮ ಸರಿಯಾಗಿಯೇ ಇದೆ ಎಂದರು. ಬರೆಯುವುದನ್ನಂತೂ ನಿಲ್ಲಿಸಲಿಲ್ಲ.

ಆಮೇಲಿನ ಭಾನುವಾರಗಳಲ್ಲೊಂದು ದಿನ ಫೋನು ಎಂದಿನಂತೆ ಬಂತು. ಇವರು ಕಿವಿಗೆ ಹಿಡಿದು ತುಂಬ ಹೊತ್ತು ಕೇಳಿದರು. “ಪಂಪು?” ಅಂದರು. ಮತ್ತೆ ಕೇಳಿದರು. “ಹೂಂ” ಅಂದರು. ಇಟ್ಟ ಮೇಲೆ, ನಾನು ಕ್ರೋಶಾದಲ್ಲಿ ಹೆಣೆದು ಫೋನಿಗೆ ಹೊದಿಸಿದ್ದ ಬಟ್ಟೆಯನ್ನು ನಾಲ್ಕೂ ಮೂಲೆ ಎಳೆದು ಸರಿ ಮಾಡಿದರು, ಒಳಗೆ ಧೂಳು ಹೋಗಬಾರದು ಎನ್ನುವಷ್ಟು ಜಾಗ್ರತೆಯಿಂದ. ಅಲ್ಲಿ ಸ್ಕೂಲಿನ ತಂತಿ ಕಿತ್ತಿದ್ದರು.

“ರೂಮು ಬಿಡ್ತೀನಿ ಅಮ್ಮ” ಎಂದರು ಅತ್ತೆಗೆ.

ಹೊರಡುವ ದಿನ ಚಪಾತಿ, ಕಡಲೆಬೇಳೆ ಪಲ್ಯ ಕಟ್ಟಿಕೊಟ್ಟೆ. ಪ್ಯಾನೆಲ್ಲಿನ ಗಾಜು ಒಡೆಯಬಾರದೆಂದು ನಮ್ಮ ಹಳೇ ರಜಾಯಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಮಲಗಿದ ಮಗುವನ್ನು ಇಳಿಸುವಂತೆ ಮೆಟ್ಟಿಲು ಇಳಿಸಿದರು. ನಮ್ಮನೆಯವರು ಒಂದು ಕಡೆ ಹಿಡಿದಿದ್ದರು. ಬ್ಯಾಂಕಿನ ಮನುಷ್ಯ, ಲೆಕ್ಕ ಬಿಡುವವರಲ್ಲ. ಇದೊಂದರಿಂದ ಪಂಪು ತಿರುಗಲ್ಲವಲ್ಲ ಎಂದರು.

“ತಿರುಗಲ್ಲ ಸಾರ್. ಒಂದು ಕ್ಲಾಸ್‌ರೂಮಿಗೆ ಲೈಟು ಬರುತ್ತೆ. ನೀರಿಗೆ ಅಲ್ಲೇ ಕೂತು ಬರೀತೀನಿ. ಇಲ್ಲಿಂದ ಬರೆದರೆ ಬೆಂಗಳೂರಿನೋನು ಬರೆದ ಹಾಗಾಗುತ್ತೆ.”

ಆಟೋ ಬಂದು ನಿಂತಿತ್ತು. ಟ್ರಂಕು ಕಾಲ ಬಳಿ, ಪ್ಯಾನೆಲ್ಲು ತೊಡೆಗೆ ಆನಿಸಿ ಕೂತರು. ಬಿಳಿ ಅಂಗಿ ಹಾಕಿರಲಿಲ್ಲ. ಬಂದ ದಿನ ಹಾಕಿದ್ದ ಆ ಬೂದು ಅಂಗಿ. ನನಗೆ ಕೇಳದೆ ಇರಲಾಗಲಿಲ್ಲ.

“ಅಲ್ಲಿ ಜನ ಈಗ ಮಾತಾಡ್ತಾರಾ ಸಾರ್?”

“ಮನೆಯವಳು ಮಾತಾಡ್ತಾಳಮ್ಮ” ಎಂದರು.

ಆಟೋ ಬುಲ್ ಟೆಂಪಲ್ ರಸ್ತೆಯ ಕಡೆ ತಿರುಗಿತು. ಆಮೇಲೆ ಅವರು ಬೆಂಗಳೂರಿಗೆ ಬರಲೇ ಇಲ್ಲ.

ಅವತ್ತು ಮಧ್ಯಾಹ್ನ ಮೇಲೆ ಹೋಗಿ ಕೋಣೆ ಗುಡಿಸಿದೆ. ಗುಡಿಸುವಂಥದ್ದು ಏನೂ ಇರಲಿಲ್ಲ. ತಾರಸಿಯ ಮೇಲೆ ಪ್ಯಾನೆಲ್ಲು ಇದ್ದ ಜಾಗದಲ್ಲಿ ಚೌಕಾಕಾರದ ನೆಲ ಮಾತ್ರ ಸುತ್ತಲಿಗಿಂತ ಹೊಸದಾಗಿ ಕಾಣುತ್ತಿತ್ತು. ಕೆಳಗಿಳಿದು ಬಂದರೆ ಅತ್ತೆ ರಾತ್ರಿಗೆ ಅಕ್ಕಿ ಅಳೆಯುತ್ತ, ಒಂದು ಹಿಡಿ ಜಾಸ್ತಿ ಹಾಕಿ, ಮತ್ತೆ ಅದನ್ನು ಡಬ್ಬಕ್ಕೆ ಹಾಕುತ್ತಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಇಡೀ ಬೀದಿಯ ಕರೆಂಟು ಹೋಯಿತು. ಸೆಕೆ ತಡೆಯಲಾರದೆ ಗೇಟಿನ ಹತ್ತಿರ ಬಂದು ನಿಂತೆ. ಎದುರು ಮನೆಯ ಸುಲೋಚನಾ ಬೀಸಣಿಗೆಯ ಬದಲಿಗೆ ಮಡಿಸಿದ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಅವರ ಗೇಟಿಗೆ ಒರಗಿದ್ದರು. ವಿದ್ಯುತ್ ಇಲಾಖೆಯವರಿಗೆ ಒಂದಿಷ್ಟು ಬೈದು, ನಿಮ್ಮ ಮೇಲಿನವರು ಹೊರಟುಹೋದರಂತಲ್ಲ, ಎಲ್ಲಿಗೆ ಎಂದು ಕೇಳಿದರು. ಅವರ ಮನೆಯವರಿರುವ ಊರಿಗೆ, ಕಲ್ಲಿದ್ದಲು ಗಣಿ ಇದ್ದ ಕಡೆ ಎಂದೆ.

“ಪುಣ್ಯವಂತರು ಬಿಡಿ” ಅಂದರು ಸುಲೋಚನಾ, ಪೇಪರು ಬೀಸಿಕೊಳ್ಳುತ್ತ. “ಕಲ್ಲಿದ್ದಲಿನ ಊರಲ್ಲಿ ಕರೆಂಟು ಹೋಗೋದೇ ಇಲ್ವಂತೆ.”